ಮನೆಯ ಚಾವಡಿಯಲ್ಲಿ ಧ್ವನಿಮುದ್ರಣ

ರೇಡಿಯೋ ಹಚ್ಚಿ ಕುಳಿತಾಗ ಮಂಗಳೂರಿನ ಕದ್ರಿಯಲ್ಲಿ ಮಾತನಾಡುವ ಉದ್ಘೋಷಕರ ಧ್ವನಿ ನಮ್ಮ ಮಗ್ಗುಲಲ್ಲೇ ಕುಳಿತು ಆಡಿದಂತೆ ಕೇಳಿಸುತ್ತದೆ. ಅವರು ಉಸಿರೆಳೆದುಕೊಳ್ಳುವುದೂ, ತುಟಿ ಕೂಡಿಸಿ ತೆರೆಯುವುದೂ ನಮಗೆ ತಿಳಿಯುತ್ತದೆ. ಅದೇ, ನಮ್ಮ ಮನೆಯ ಚಾವಡಿಯಲ್ಲಿ ಎರಡೇ ಮಾರು ದೂರದಲ್ಲಿ ಕುಳಿತ ಅಮ್ಮಮ್ಮನ ಹಾಡನ್ನು ನಾವೇ ಮೊಬೈಲಿನಲ್ಲಿ ಹಿಡಿದು ಮರುದಿನ ಕೇಳಿದರೆ, ಅವರು ಬಾವಿಯ ತಳದಿಂದ ಹಾಡುತ್ತಿರುವರೋ ಎಂಬಂತಿರುತ್ತದೆ. ಇದೇಕೆ ಹೀಗೆ? ‘ಅವರದು ಲಕ್ಷಗಟ್ಟಲೆ ಬೆಲೆಯ ಯಂತ್ರ, ನಮ್ಮದು ಕೈಯ ಆಟಿಕೆ’ ಎಂದು ಸಮಾಧಾನ ಮಾಡಿಕೊಳ್ಳುವುದು ವಾಡಿಕೆ. ಈ ಸಮಾಧಾನದಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದು ಕಾಲುಪಾಲಿನ ಸತ್ಯ. ಉಳಿದ ಮುಕ್ಕಾಲು ಪಾಲು ಕೋಣೆಯಲ್ಲಿದೆ, ಅಂತರದಲ್ಲಿದೆ, ನಮ್ಮ ಕಿವಿಯಲ್ಲಿದೆ. ಇವು ಮೂರಕ್ಕೂ ಹಣ ಬೇಡ. ಅಷ್ಟಿಷ್ಟು ಗಮನ ಬೇಕು.

ಮನೆಯಲ್ಲಿ ಕುಳಿತು ಇಂಥ ಕೆಲಸಕ್ಕೆ ಕೈಹಾಕುವುದು ಹುಚ್ಚು ಸಾಹಸವೆಂದು ಯಾರೂ ತಿಳಿಯಬೇಕಾಗಿಲ್ಲ. ಕನ್ನಡನಾಡಿನ ಬಾನುಲಿಯೇ ಒಂದು ಮನೆಯಲ್ಲಿ ಹುಟ್ಟಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಮನೆಯಲ್ಲೇ 30 ವಾಟ್ ಶಕ್ತಿಯ ಪುಟ್ಟ ಪ್ರೇಷಕ ಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರೂ ಆ ನಿಲಯದ್ದೇ. ಧಾರವಾಡದ ಕೇಂದ್ರ 1950ರಲ್ಲಿ, ಬೆಂಗಳೂರಿನದು 1955ರಲ್ಲಿ, ನಮ್ಮ ಕರಾವಳಿಗೆ ಹತ್ತಿರದ ಮಂಗಳೂರಿನದು 1976ರಲ್ಲಿ ಬಂದವು. ಗೋಪಾಲಸ್ವಾಮಿಯವರ ಮನೆಯಲ್ಲಿದ್ದುದಕ್ಕಿಂತ ಎಷ್ಟೋ ಸೂಕ್ಷ್ಮವಾದ ಧ್ವನಿಗ್ರಹಣ ಸಾಧನ ಇಂದು ನಮ್ಮ ಅಂಗಿಯ ಕಿಸೆಯಲ್ಲೇ ಇದೆ. ಅದನ್ನು ಬಳಸುವ ಕ್ರಮವಷ್ಟೇ ನಮಗೆ ಗೊತ್ತಿಲ್ಲ.

ನನಗೆ ಆ ಕ್ರಮ ಗೊತ್ತಾದದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಆಷಾಢದ ಮಧ್ಯಾಹ್ನ, ಎಂಬತ್ತು ದಾಟಿದ ನನ್ನ ದೊಡ್ಡಮ್ಮನನ್ನು ಚಾವಡಿಯಲ್ಲಿ ಕುಳ್ಳಿರಿಸಿ, ಮೇಜಿನ ಮೇಲೆ ಮೊಬೈಲನ್ನು ಇಟ್ಟು, ಅವರ ಕಾಲದ ಮದುವೆಯ ಹಾಡುಗಳನ್ನೂ ನಟ್ಟಿಯ ಗದ್ದೆಯ ಮಾತುಗಳನ್ನೂ ಮುದ್ರಿಸಿಕೊಂಡೆ. ಒಟ್ಟು ನಲವತ್ತು ನಿಮಿಷ. ಸೆಕೆಯೆಂದು ಮೇಲೆ ಫ್ಯಾನು ತಿರುಗುತ್ತಿತ್ತು. ಒಳಗೆ ಮಿಕ್ಸಿ ನಡೆಯುತ್ತಿತ್ತು. ಹೊರಗೆ ಹಂಚಿನ ಮೇಲೆ ಮಳೆ. ಮುದ್ರಿಸುವಾಗ ಇವಾವುವೂ ನನ್ನ ಕಿವಿಗೆ ಬೀಳಲಿಲ್ಲ. ಮರುದಿನ ಕೇಳಿದಾಗ ಇವನ್ನುಳಿದು ಬೇರೆ ಏನೂ ಸರಿಯಾಗಿ ಕೇಳಲಿಲ್ಲ. ಆದರೆ ನಡುವೆ ಒಂದು ಕಡೆ ಕರೆಂಟು ಹೋಗಿತ್ತು. ಫ್ಯಾನು ನಿಂತಿತು, ಮಿಕ್ಸಿ ನಿಂತಿತು; ದೈವಯೋಗದಿಂದ ಮಳೆಯೂ ಆಗ ಸ್ವಲ್ಪ ಬಿಟ್ಟಿತ್ತು. ಸೆಕೆಗೆ ದೊಡ್ಡಮ್ಮ ಮೇಜಿನ ಕಡೆಗೆ ಬಾಗಿ, ಅಲ್ಲಿದ್ದ ಬೀಸಣಿಗೆ ತೆಗೆದುಕೊಳ್ಳುತ್ತ ಮಾತು ಮುಂದುವರಿಸಿದ್ದರು. ಆ ಮೂರು ನಿಮಿಷ ಅವರ ಧ್ವನಿ ರೇಡಿಯೋದಲ್ಲಿ ಕೇಳಿದಷ್ಟು ಸ್ಪಷ್ಟ. ಯಂತ್ರ ಅದೇ, ಮನೆ ಅದೇ, ಮಾತನಾಡಿದವರೂ ಅವರೇ. ಇನ್ನೊಮ್ಮೆ ಸರಿಯಾಗಿ ಮುದ್ರಿಸೋಣವೆಂದು ದಿನ ದೂಡುತ್ತಿದ್ದಂತೆ ಮರುವರ್ಷ ಅವರು ತೀರಿಕೊಂಡರು. ಈಗ ನಮ್ಮ ಮನೆಯಲ್ಲಿ ಉಳಿದಿರುವುದು ಆ ಮೂರು ನಿಮಿಷ. ಉಳಿದ ಮೂವತ್ತೇಳು ನಿಮಿಷಗಳನ್ನು ಶುದ್ಧಮಾಡಲು ನಾನು ಪಟ್ಟ ಪಾಡು ವ್ಯರ್ಥವಾಯಿತು. ಈ ಲೇಖನದ ತಿರುಳೂ ಅದೇ: ಮುದ್ರಿಸುವ ಹೊತ್ತಿನಲ್ಲಿ ಹಿಡಿಯದೆ ಬಿಟ್ಟದ್ದನ್ನು ಮುಂದೆ ಯಾವ ತಂತ್ರಾಂಶವೂ ತಂದುಕೊಡಲಾರದು.

ಯಾತಕ್ಕಾಗಿ ಮುದ್ರಿಸಬೇಕು?

ಬರೆದಿಟ್ಟರೆ ಸಾಲದೆ ಎಂದು ಕೇಳುವವರುಂಟು. ಅಕ್ಷರವನ್ನೇ ನಂಬಿ ಬದುಕಿದ ಪಂಡಿತನಾದ ನಾನು ಸಾಲದು ಎಂದೇ ಹೇಳಬೇಕಾಗಿದೆ. ಕುಂದಾಪುರ, ಮತ್ತು 2018ರಿಂದ ತಾಲೂಕುಗಳೆನಿಸಿರುವ ಬೈಂದೂರು, ಬ್ರಹ್ಮಾವರ - ಈ ಸೀಮೆಯ ಮಾತನ್ನೇ ನೋಡಿ. ‘ಬಪ್ಪುದು, ಹೋಪುದು, ಕಾಂಬುದು, ಉಂಬುದು’ ಎಂದು ನಮ್ಮ ಹಿರಿಯರು ಆಡುವಾಗ ಹಳಗನ್ನಡದ ‘ಬರ್ಪುದು, ಪೋಪುದು, ಕಾಣ್ಬುದು, ಉಣ್ಬುದು’ ಎಂಬ ರೂಪಗಳೇ ಹೊಸ ಉಡುಗೆಯಲ್ಲಿ ನಿಂತಿವೆ. ಇದನ್ನು ಬರೆದು ತೋರಿಸಬಹುದು. ಆದರೆ ಕಡೆಯ ಸ್ವರವನ್ನು ಅರ್ಧಕ್ಕೇ ನುಂಗುವ ಬಗೆಯನ್ನು ಬರೆಯುವುದು ಹೇಗೆ? ‘ಹ್ವಾಯ್’ ಎಂಬ ಒಂದು ಶಬ್ದವನ್ನು ಮೊಟಕಾಗಿ ನುಡಿದರೆ ಕರೆ, ಎಳೆದು ನುಡಿದರೆ ಆಶ್ಚರ್ಯ, ಇಳಿಸಿ ನುಡಿದರೆ ಸಲಿಗೆಯ ಆಕ್ಷೇಪ. ನಮ್ಮ ಐವತ್ತು ಅಕ್ಷರಗಳಲ್ಲಿ ಈ ಏರಿಳಿತಕ್ಕೆ ಚಿಹ್ನೆಯಿಲ್ಲ. ದೀಪಾವಳಿಯ ಮುಸ್ಸಂಜೆ ಗದ್ದೆಯ ಅಂಚಿನಲ್ಲಿ ನಿಂತು ಬಲೀಂದ್ರನನ್ನು ಕರೆಯುವ ಕೂಗಿಗೂ, ನವರಾತ್ರಿಯಲ್ಲಿ ಮನೆಮನೆಗೆ ಬರುವ ಹೂವಿನಕೋಲಿನ ಮಕ್ಕಳ ಅರ್ಥಗಾರಿಕೆಗೂ ಇದೇ ಮಾತು ಸಲ್ಲುತ್ತದೆ. 2019ರಿಂದ ಆಸಾಡಿ ಅಮಾಸೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಆಚರಿಸುತ್ತಿದ್ದೇವೆ. ಆ ದಿನದ ಭಾಷಣಗಳಿಗಿಂತ ಒಂದೊಂದು ಮನೆಯ ಒಂದೊಂದು ಗಂಟೆಯ ಧ್ವನಿ ಈ ನುಡಿಯನ್ನು ಹೆಚ್ಚು ಕಾಲ ಉಳಿಸೀತು.

ಧ್ವನಿ ಉಳಿದರೆ ಏನಾಗುತ್ತದೆಂಬುದಕ್ಕೆ ದೂರದ ನಿದರ್ಶನ ಬೇಡ. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಮೂವತ್ತೆರಡರ ಸುಮಾರಿನ ಹರೆಯದಲ್ಲಿ, ಅಪಘಾತದಲ್ಲಿ ತೀರಿಕೊಂಡರು. ಅವರು ತೀರಿದ ಮೇಲೆ ಹುಟ್ಟಿದ ಹುಡುಗರು ಇಂದು ಅವರ ಭಾಗವತಿಕೆಯ ಎತ್ತುಗಡೆಯನ್ನು ಗುರುತಿಸಬಲ್ಲರು. ಕಾರಣ, ಕ್ಯಾಸೆಟ್ಟುಗಳಲ್ಲಿ ಆ ಕಂಠ ಉಳಿದಿತ್ತು. ಅವರಿಗಿಂತ ಹಿಂದಿನ ಎಷ್ಟೋ ಭಾಗವತರ ಹೆಸರು ಮಾತ್ರ ನಮಗೆ ಗೊತ್ತು. ಉಡುಪಿಯ ಎಂ. ಜಿ. ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ ಆರಂಭವಾದ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಧ್ವನಿ ಮತ್ತು ದೃಶ್ಯ ದಾಖಲೆಗಳನ್ನು ಕೂಡಿಸಿದೆ. ಆದರೆ ಯಾವ ಸಂಸ್ಥೆಯೂ ನಮ್ಮ ನಮ್ಮ ಮನೆಯ ಹಿರಿಯರ ಬಳಿಗೆ ಬಂದು ಮುಗಿಸಲಾರದು. ಅದು ಮನೆಯವರ ಕೆಲಸ.

ಧ್ವನಿ ಯಂತ್ರದೊಳಗೆ ಹೋಗುವ ಬಗೆ

ಅನುಕೂಲವಾದ ಗಾಳಿಯಿಂದ, ಜೀವನ ಇಚ್ಛೆಯಿಂದ, ನಾಭಿಮೂಲದಲ್ಲಿ ಕಹಳೆಯ ಹಾಗೆ ಶಬ್ದ ಹುಟ್ಟುತ್ತದೆಂದು ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ಹುಟ್ಟಿದ ಶಬ್ದ ಗಾಳಿಯ ಅಲುಗಾಟವಾಗಿ ಸುತ್ತಲೂ ಹರಡುತ್ತದೆ. ಮೈಕಿನೊಳಗೆ ತೆಳುವಾದ ಒಂದು ಪೊರೆಯಿದೆ. ಗಾಳಿ ಅಲುಗಿದಂತೆ ಅದೂ ಅಲುಗುತ್ತದೆ. ಆ ಅಲುಗಾಟ ವಿದ್ಯುತ್ತಿನ ಏರಿಳಿತವಾಗುತ್ತದೆ. ಹಿಂದೆ ಈ ಏರಿಳಿತವನ್ನು ಟೇಪಿನ ಮೇಲೆ ಕಾಂತೀಯ ಗುರುತಾಗಿ ಬರೆಯುತ್ತಿದ್ದರು. ಈಗ ಯಂತ್ರವು ಅದನ್ನು ಪ್ರತಿಯೊಂದು ಸೆಕೆಂಡಿಗೂ ಸಾವಿರಾರು ಸಲ ಅಳೆದು ಅಂಕೆಗಳಾಗಿ ಬರೆದಿಡುತ್ತದೆ.

ಎಷ್ಟು ಸಲ ಅಳೆಯಬೇಕು? ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಸಲದವರೆಗಿನ ಕಂಪನಗಳನ್ನು ಕೇಳಬಲ್ಲದು. ಯಾವುದೇ ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಆದಕಾರಣ ಸಿ.ಡಿ.ಗಳಿಗೆ 44,100 ಎಂಬ ಲೆಕ್ಕವನ್ನು ಗೊತ್ತುಮಾಡಿದರು; ಧ್ವನಿ ಸಂಗ್ರಹಾಲಯಗಳು 48,000ಕ್ಕೆ ಕಡಿಮೆಯಿಲ್ಲದಂತೆ ಇಟ್ಟುಕೊಳ್ಳುತ್ತವೆ. ಒಂದೊಂದು ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯುವುದೆಂಬುದು ಬಿಟ್ ಎಂಬ ಲೆಕ್ಕ. 16 ಬಿಟ್ ಎಂದರೆ 65,536 ಮೆಟ್ಟಿಲುಗಳ ಅಳತೆಗೋಲು. 24 ಬಿಟ್ ಎಂದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಮೆಟ್ಟಿಲುಗಳದ್ದು. 48,000 ಮತ್ತು 24 - ಈ ಎರಡು ಅಂಕೆಗಳನ್ನು ನೆನಪಿಟ್ಟರೆ ಸಾಕು.

ಮೊದಲು ಕೋಣೆ

ಚಾವಡಿಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಶಬ್ದ ನಿಂತಮೇಲೂ ಒಂದು ಝೇಂಕಾರ ಉಳಿದರೆ ಆ ಜಾಗ ಮುದ್ರಣಕ್ಕೆ ತಕ್ಕದ್ದಲ್ಲ. ನುಣುಪಾದ ನೆಲ, ಸುಣ್ಣದ ಗೋಡೆ, ಗಾಜಿನ ಕಪಾಟು ಶಬ್ದವನ್ನು ಚೆಂಡಿನಂತೆ ಹಿಂದಕ್ಕೆ ಎಸೆಯುತ್ತವೆ. ಹಾಗೆ ಮರಳಿ ಬಂದ ಶಬ್ದವೇ ‘ಬಾವಿಯ ತಳ’. ಹಾಸಿಗೆ, ದಿಂಬು, ಕಂಬಳಿ, ಬಟ್ಟೆ ತುಂಬಿದ ಕಪಾಟು ಇರುವ ಮಲಗುವ ಕೋಣೆಯಲ್ಲಿ ಅದೇ ಚಪ್ಪಾಳೆ ತಟ್ಟಿರಿ: ಒಣಗಿದ ಸಣ್ಣ ಶಬ್ದ ಬರುತ್ತದೆ. ಅಲ್ಲೇ ಮುದ್ರಿಸಬೇಕು. ಚಾವಡಿಯೇ ಬೇಕೆಂದಾದರೆ ಹಿರಿಯರ ಹಿಂದೆ ಮತ್ತು ಎದುರು ಎರಡು ಹಗ್ಗ ಕಟ್ಟಿ ದಪ್ಪನೆಯ ಕಂಬಳಿ ಇಳಿಬಿಡಿ. ಕೆಳಗೆ ಜಮಖಾನ ಹಾಸಿರಿ. ಒಂದು ಎಚ್ಚರಿಕೆ: ಇವು ಒಳಗಿನ ಪ್ರತಿಧ್ವನಿಯನ್ನು ನುಂಗುತ್ತವೆಯೇ ಹೊರತು ಹೊರಗಿನ ಬಸ್ಸಿನ ಹಾರನ್ನನ್ನು ತಡೆಯಲಾರವು.

ಹೊರಗಿನ ಶಬ್ದಕ್ಕೆ ಔಷಧವೆಂದರೆ ಸಮಯದ ಆಯ್ಕೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಹಂಚಿನ ಮನೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ತಗಡಿನ ಮಾಡಿನ ಕೆಳಗೆ, ಮುದ್ರಣ ಕಷ್ಟವೇ. ಮರವಂತೆಯಂಥ ಕಡಲ ಬದಿಯ ಊರುಗಳಲ್ಲಿ ಮಳೆಗಾಲದ ಅಲೆಗಳ ಮೊರೆತ ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ. ಮಳೆಗಾಲ ಕಳೆದ ಮೇಲಿನ ತಿಂಗಳುಗಳು ಉತ್ತಮ. ದಿನದಲ್ಲಿ, ಊಟವಾಗಿ ಊರು ತೂಕಡಿಸುವ ಮಧ್ಯಾಹ್ನದ ಹೊತ್ತು ಉತ್ತಮ. ಫ್ಯಾನು ನಿಲ್ಲಿಸಿರಿ. ಗೋಡೆ ಗಡಿಯಾರವನ್ನು ಆಚೆ ಇಡಿ. ಫ್ರಿಜ್ಜನ್ನೂ ಆರಿಸಬೇಕು, ಮತ್ತೆ ಹಾಕಲು ಮರೆತು ಹಾಲು ಕೆಡದಿರಲು, ಸ್ಕೂಟರಿನ ಕೀಲಿಕೈಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡುವುದು ಅನುಭವಿಗಳ ಉಪಾಯ. ಎಲ್ಲ ಆದ ಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ ಕುಳಿತು ಆಲಿಸಿರಿ. ನಮ್ಮ ಮನಸ್ಸು ಬೇಡದ ಶಬ್ದವನ್ನು ತಾನೇ ಬದಿಗೊತ್ತುತ್ತದೆ. ಮೈಕಿಗೆ ಮನಸ್ಸಿಲ್ಲ, ಅದು ಕಾಗೆಯನ್ನೂ ಅಮ್ಮಮ್ಮನನ್ನೂ ಒಂದೇ ಎಂದು ಬಗೆಯುತ್ತದೆ.

ಎರಡನೆಯದು ಅಂತರ

ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ಇದು ಎಲ್ಲಕ್ಕಿಂತ ಮುಖ್ಯವಾದ ನಿಯಮ. ಅಂತರ ಎರಡು ಪಟ್ಟಾದರೆ ನೇರವಾಗಿ ಬರುವ ಧ್ವನಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ಧ್ವನಿಯ ಅಳತೆಯಲ್ಲಿ ಅದು 6 ಡೆಸಿಬೆಲ್‌ಗಳ ಇಳಿತ. ಆದರೆ ಗೋಡೆಗಳಿಂದ ಮರಳಿ ಬರುವ ಪ್ರತಿಧ್ವನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಎಂದರೆ, ದೂರ ಸರಿದಂತೆ ಮಾತು ಕುಗ್ಗಿ ಕೋಣೆ ಹಿಗ್ಗುತ್ತದೆ. ನನ್ನ ದೊಡ್ಡಮ್ಮ ಮೇಜಿನ ಕಡೆಗೆ ಬಾಗಿದಾಗ ಆದದ್ದು ಇದರ ವಿಪರ್ಯಯ.

ಹಾಗೆಂದು ಮೈಕನ್ನು ಬಾಯಿಗೇ ಒತ್ತಬಾರದು. ವರ್ಣಮಾಲೆ ಬಲ್ಲವರಿಗೆ ಇದರ ಕಾರಣ ಸುಲಭ. ಪವರ್ಗದ ಅಕ್ಷರಗಳು ಓಷ್ಠ್ಯಗಳು. ತುಟಿಯಲ್ಲಿ ತಡೆದ ಗಾಳಿ ಒಮ್ಮೆಲೆ ಹೊರಗೆ ಚಿಮ್ಮುತ್ತದೆ. ಮಹಾಪ್ರಾಣವಾದರಂತೂ ಇನ್ನಷ್ಟು. ಅಂಗೈಯನ್ನು ಬಾಯ ಮುಂದೆ ಹಿಡಿದು ‘ಪಾಪ’, ‘ಫಲ’, ‘ಭಕ್ತಿ’ ಎಂದು ಹೇಳಿ ನೋಡಿ, ಗಾಳಿಯ ಏಟು ತಿಳಿಯುತ್ತದೆ. ಆ ಏಟು ಪೊರೆಗೆ ಬಿದ್ದರೆ ‘ಧಪ್’ ಎಂಬ ಸದ್ದು ಮುದ್ರಿತವಾಗುತ್ತದೆ. ಶ, ಷ, ಸ ಎಂಬ ಊಷ್ಮಗಳು ಹತ್ತಿರದಲ್ಲಿ ಸೀಳುತ್ತವೆ. ಪರಿಹಾರ ಸರಳ: ಮೈಕು ಬಾಯಿಗೆ ನೇರವಾಗಿರದೆ ಕೆನ್ನೆಯ ಕಡೆಗೆ ಸ್ವಲ್ಪ ಓರೆಯಾಗಿರಲಿ, ಮುಂದೆ ತೆಳುವಾದ ಬಟ್ಟೆಯನ್ನು ಬಳೆಗೆ ಬಿಗಿದು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಮೊಬೈಲಾಗಲಿ ಮೈಕಾಗಲಿ ಬರಿಯ ಮೇಜಿನ ಮೇಲೆ ಇರಕೂಡದು. ಮೇಜಿನ ಪ್ರತಿಯೊಂದು ತಟ್ಟಾಟವೂ ಒಳಹೋಗುತ್ತದೆ. ನಾಲ್ಕಾಗಿ ಮಡಚಿದ ಟವಲನ್ನು ಕೆಳಗೆ ಹಾಕಿರಿ. ಕೈಬಳೆ ಇರುವವರಾದರೆ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳುವಂತೆ ಮೊದಲೇ ಹೇಳಿರಿ.

ಮನೆಯಲ್ಲಿ ತಾಳಮದ್ದಳೆಯಾಗುವುದಾದರೆ ಒಂದೇ ಮೈಕಿನಲ್ಲಿಯೂ ಹೊಂದಿಸಬಹುದು. ಭಾಗವತರು ಮೈಕಿಗೆ ಹತ್ತಿರ, ಅರ್ಥಧಾರಿಗಳು ಅದರ ಎರಡು ಬದಿಗೆ, ಮದ್ದಳೆ ಸ್ವಲ್ಪ ಹಿಂದೆ, ಚೆಂಡೆಯನ್ನು ಆದಷ್ಟು ದೂರದ ಮೂಲೆಗೆ. ಇಲ್ಲಿ ಯಂತ್ರವನ್ನು ತಿರುಚುವುದಕ್ಕಿಂತ ಜನರನ್ನು ಸರಿಸಿ ಕೂರಿಸುವುದೇ ಮೇಲು.

ಯಂತ್ರ ಯಾವುದು?

ಆರಂಭಕ್ಕೆ ಕೈಯಲ್ಲಿರುವ ಮೊಬೈಲು ಸಾಕು. ಅದನ್ನು ಏರೋಪ್ಲೇನ್ ಮೋಡಿನಲ್ಲಿ ಇಡಿ. ಇಲ್ಲವಾದರೆ ಕತೆಯ ರಸಘಟ್ಟದಲ್ಲಿ ಯಾರಾದರೂ ಕರೆಮಾಡುವುದು ಖಂಡಿತ. ಎರಡನೆಯ ಮೆಟ್ಟಿಲು, ಅಂಗಿಗೋ ಸೀರೆಯ ಸೆರಗಿಗೋ ಸಿಕ್ಕಿಸುವ ಕಾಲರ್ ಮೈಕು. ಮಾತನಾಡುವವರು ತಲೆ ಅತ್ತಿತ್ತ ಮಾಡಿದರೂ ಅಂತರ ಕೆಡದಿರುವುದು ಇದರ ಗುಣ. ಸೆರಗು ಉಜ್ಜಿದರೆ ಸದ್ದು ಬರುವುದು ಇದರ ದೋಷ. ಮೂರನೆಯದು, ಕಂಪ್ಯೂಟರಿಗೆ ನೇರವಾಗಿ ತಗುಲಿಸುವ ಯು.ಎಸ್.ಬಿ. ಮೈಕು. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರಿಗೆ ಇದು ಹೊಂದುತ್ತದೆ.

ನಾಲ್ಕನೆಯ ಮೆಟ್ಟಿಲಿನಲ್ಲಿ ಮೈಕು ಬೇರೆ, ಧ್ವನಿಯನ್ನು ಅಂಕೆಗಳಾಗಿ ಮಾಡುವ ಪೆಟ್ಟಿಗೆ ಬೇರೆ. ಈ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಇಲ್ಲಿ ಎರಡು ಜಾತಿಯ ಮೈಕುಗಳುಂಟು. ಡೈನಮಿಕ್ ಮೈಕಿನಲ್ಲಿ ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗುತ್ತದೆ. ಇದು ಗಟ್ಟಿಮುಟ್ಟು, ಸಭೆ ರಂಗಸ್ಥಳಗಳಿಗೆ ತಕ್ಕದ್ದು. ಹತ್ತಿರದ ಧ್ವನಿಯನ್ನು ಹೆಚ್ಚಾಗಿ, ದೂರದ್ದನ್ನು ಕಡಿಮೆಯಾಗಿ ಹಿಡಿಯುವುದರಿಂದ ಗದ್ದಲದ ಮನೆಗೂ ಒಳ್ಳೆಯದು. ಕಂಡೆನ್ಸರ್ ಮೈಕು ಸೂಕ್ಷ್ಮವಾದುದು. ಅದಕ್ಕೆ ಪೆಟ್ಟಿಗೆಯಿಂದ 48 ವೋಲ್ಟಿನ ವಿದ್ಯುತ್ತು ಬೇಕು. ಪಿಸುಮಾತನ್ನೂ ಹಿಡಿಯುತ್ತದೆ, ಪಕ್ಕದ ಮನೆಯ ಟಿ.ವಿ.ಯನ್ನೂ ಹಿಡಿಯುತ್ತದೆ. ಕರಾವಳಿಯ ತೇವ ಅದರ ಶತ್ರು. ಬಳಸಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣದೊಡನೆ ಇಡಬೇಕು.

ಹಣವಿದ್ದರೆ ಮೈಕಿಗಿಂತ ಮೊದಲು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು ಕೊಳ್ಳಿರಿ. ಮುದ್ರಿಸುವಾಗಲೇ ದೋಷ ಕಿವಿಗೆ ಬಿದ್ದರೆ ಅಲ್ಲೇ ತಿದ್ದಬಹುದು. ಇನ್ನೊಂದು ಮಾತು: ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಮುದ್ರಿಸಿದರೆ ಕೆಲವೊಮ್ಮೆ ‘ಗುಂಯ್’ ಎಂಬ ಕೆಳದನಿ ಸೇರಿಕೊಳ್ಳುತ್ತದೆ. ಅದು ಮನೆಯ 50 ಆವರ್ತನದ ವಿದ್ಯುತ್ತಿನ ಗುನುಗು. ಚಾರ್ಜರು ತೆಗೆದು ಬ್ಯಾಟರಿಯ ಮೇಲೆ ನಡೆಸಿದರೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ.

ಅಳತೆ ಮೀರಬಾರದು

ಮುದ್ರಣದ ಗಟ್ಟಿತನವನ್ನು ತೋರಿಸುವ ಒಂದು ಪಟ್ಟಿ ಪರದೆಯ ಮೇಲೆ ಕುಣಿಯುತ್ತಿರುತ್ತದೆ. ಅದರ ತುದಿ ಸೊನ್ನೆ. ಉಳಿದದ್ದೆಲ್ಲ ಸೊನ್ನೆಗಿಂತ ಕೆಳಗಿನ ಋಣ ಸಂಖ್ಯೆಗಳು. ಅಕ್ಕಿಯನ್ನು ಸೇರಿನಲ್ಲಿ ಅಳೆಯುವಾಗ ಅಂಚಿನ ಮೇಲೆ ಬಂದ ಅಕ್ಕಿಯನ್ನು ಸವರಿ ತೆಗೆದುಬಿಡುತ್ತೇವಷ್ಟೆ. ಯಂತ್ರವೂ ಸೊನ್ನೆಯನ್ನು ಮೀರಿದ ಧ್ವನಿಯ ತಲೆಯನ್ನು ಹಾಗೆಯೇ ಸವರಿಬಿಡುತ್ತದೆ. ಸವರಿಹೋದ ಭಾಗ ಮತ್ತೆ ಸಿಗದು. ಧ್ವನಿ ಒಡೆದಂತೆ ಕರಕರ ಎನ್ನುತ್ತದೆ. ಆದ್ದರಿಂದ ಮಾತಿನ ಶಿಖರಗಳು ಋಣ 12ರ ಆಸುಪಾಸಿನಲ್ಲಿರುವಂತೆ ಗೇನ್ ಎಂಬ ತಿರುಗಣೆಯನ್ನು ಇಡಿ. ಹಾಡುವವರಾದರೆ ಅತ್ಯಂತ ಏರುದನಿಯ ಸಾಲನ್ನೇ ಒಮ್ಮೆ ಹಾಡಿಸಿ ನೋಡಬೇಕು. ಕಡಿಮೆಯಾದದ್ದನ್ನು ಆಮೇಲೆ ಏರಿಸಬಹುದು. ಮೀರಿದ್ದನ್ನು ಇಳಿಸಿ ಪ್ರಯೋಜನವಿಲ್ಲ.

ತಂತ್ರಾಂಶದ ಕೆಲಸ

ಕಂಪ್ಯೂಟರಿನಲ್ಲಿ ಮುದ್ರಿಸಲು ಮತ್ತು ತಿದ್ದಲು ಹಲವು ತಂತ್ರಾಂಶಗಳಿವೆ. ಆರಂಭಿಗೆ ಅಡಾಸಿಟಿ ಎಂಬುದು ಸಾಕು, ಹಣ ಕೊಡಬೇಕಾಗಿಲ್ಲ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಎಂಬಿಬ್ಬರು ರೂಪಿಸಿದ ಇದು 2000ದಲ್ಲಿ ಹೊರಬಂದಿತು. ಮಾಡಬೇಕಾದ ಕ್ರಮ ಹೀಗೆ. ಆಡಿಯೋ ಸೆಟಪ್ ಎಂಬಲ್ಲಿ ನಿಮ್ಮ ಮೈಕಿನ ಹೆಸರನ್ನು ಆರಿಸಿರಿ. ಒಂದು ಮೈಕಿಗೆ ಮೋನೋ ಸಾಕು, ಸ್ಟೀರಿಯೋ ಬೇಡ. ವೇಗವನ್ನು 48,000ಕ್ಕೆ ಇಡಿ. ಕೆಂಪು ಗುಂಡಿ ಒತ್ತಿ, ಮೊದಲ ಹತ್ತು ಸೆಕೆಂಡು ಯಾರೂ ಮಾತನಾಡದೆ ಇರಿ. ಈ ಮೌನ ವ್ಯರ್ಥವಲ್ಲ. ಕೋಣೆಯ ಸಹಜವಾದ ಗುನುಗು ಎಷ್ಟೆಂಬುದಕ್ಕೆ ಅದೇ ಸಾಕ್ಷಿ.

ಮುಗಿದ ಕೂಡಲೇ ಮೊದಲು ಮಾಡಬೇಕಾದ ಕೆಲಸ ತಿದ್ದುವುದಲ್ಲ. ಇದ್ದುದನ್ನು ಇದ್ದಂತೆ ವೇವ್ ರೂಪದಲ್ಲಿ, 24 ಬಿಟ್‌ನಲ್ಲಿ, ಉಳಿಸಿಡುವುದು. ಇದು ಮೂಲಪ್ರತಿ; ಓಲೆಗರಿಯ ಮೂಲದಂತೆ ಇದನ್ನು ಮುಟ್ಟಬಾರದು. ಹೀಗೆ ಇಟ್ಟರೆ ಒಂದು ಗಂಟೆಯ ಮಾತಿಗೆ ಸುಮಾರು 520 ಎಂ.ಬಿ. ಜಾಗ ಬೇಕು. ತಿದ್ದುವುದು ಏನಿದ್ದರೂ ಅದರ ನಕಲಿನಲ್ಲಿ. ಅಲ್ಲಿ ಕೆಮ್ಮು, ಬಾಗಿಲ ಸದ್ದುಗಳನ್ನು ಕತ್ತರಿಸಬಹುದು. ಆರಂಭದ ಹತ್ತು ಸೆಕೆಂಡಿನ ಮೌನವನ್ನು ಗುರುತು ಮಾಡಿ, ನಾಯ್ಸ್ ರಿಡಕ್ಷನ್ ಎಂಬುದಕ್ಕೆ ‘ಇದು ಗದ್ದಲದ ಮಾದರಿ’ ಎಂದು ತೋರಿಸಿಕೊಟ್ಟರೆ, ಅಂಥ ಗುನುಗನ್ನು ಉಳಿದ ಕಡೆಯಲ್ಲೂ ತಗ್ಗಿಸುತ್ತದೆ. ಒಂದೇ ಸಮನಾದ ಗುನುಗಿಗೆ ಮಾತ್ರ ಇದು ಮದ್ದು. ಕಾಗೆಗೂ ಮಿಕ್ಸಿಗೂ ಅಲ್ಲ. ಅದನ್ನೂ ಅತಿಯಾಗಿ ಬಳಸಿದರೆ ಮನುಷ್ಯನ ಧ್ವನಿ ತಗಡಿನ ಕೊಳವೆಯಿಂದ ಬಂದಂತಾಗುತ್ತದೆ. ದೊಡ್ಡಮ್ಮನ ಮೂವತ್ತೇಳು ನಿಮಿಷಗಳಿಗೆ ನಾನು ಮಾಡಿದ ಅಪಚಾರ ಅದೇ. ಕಡೆಗೆ ಬಂಧುಗಳಿಗೆ ಹಂಚಲು ಎಂ.ಪಿ.3 ರೂಪಕ್ಕೆ ಇಳಿಸಬಹುದು. 128ರ ಲೆಕ್ಕದಲ್ಲಿ ಒಂದು ನಿಮಿಷಕ್ಕೆ ಸುಮಾರು ಒಂದು ಎಂ.ಬಿ. ಸಾಕು. ವಾಟ್ಸಾಪಿನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಧ್ವನಿ ಮತ್ತಷ್ಟು ಸೊರಗುವುದಿಲ್ಲ.

ಮಾತನಾಡಿಸುವ ವಿದ್ಯೆ

ಯಂತ್ರ ಸಿದ್ಧವಾಯಿತು. ಮಾತು ಬರಬೇಕಲ್ಲ? ಇಲ್ಲಿ ನನ್ನಂಥ ಪಂಡಿತನೇ ದೊಡ್ಡ ವಿಘ್ನ. ‘ತಮ್ಮ ಬಾಲ್ಯದ ದಿನಗಳ ಕುರಿತು ತಿಳಿಸಿರಿ’ ಎಂದು ನಾನು ಕೇಳಿದೆನೆಂದರೆ, ಎದುರಿನ ಹಿರಿಯರೂ ಸೆಟೆದು ಕುಳಿತು ಪುಸ್ತಕದ ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ನಾವು ಹುಡುಕಿ ಬಂದ ನುಡಿ ಬಾಗಿಲಾಚೆ ನಿಂತುಬಿಡುತ್ತದೆ. ಆದ್ದರಿಂದ ಪ್ರಶ್ನೆ ಕೇಳುವ ಕೆಲಸವನ್ನು ಮೊಮ್ಮಗಳಿಗೋ ನೆರೆಮನೆಯ ಗೆಳತಿಗೋ ಕೊಡಬೇಕು. ‘ಎಂತ ಅಡಿಗೆ ಮಾಡ್ತಿದ್ರಿ’ ಎಂಬ ಸಾದಾ ಪ್ರಶ್ನೆಯಿಂದ ಗಟ್ಟಲೆ ಮಾತು ಹೊರಡುತ್ತದೆ. ನಡುವೆ ‘ಹೌದಾ’, ‘ಹ್ಞಾಂ’ ಎಂದು ಬಾಯಿ ಹಾಕದೆ ತಲೆಯಾಡಿಸಿದರೆ ಸಾಕು. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಒಳ್ಳೆಯ ಮಾತು ಅನೇಕ ವೇಳೆ ಮೌನದ ಬೆನ್ನಿಗೇ ಬರುತ್ತದೆ. ನನ್ನ ಬಳಿಯಿರುವ ಮೂರು ನಿಮಿಷದ ಕಡೆಯಲ್ಲಿ ದೊಡ್ಡಮ್ಮ, “ಸಾಕಾ ಮಗಾ? ಇನ್ನೂ ಹೇಳ್ಕಾ?” ಎಂದು ಕೇಳುತ್ತಾರೆ. ಕರೆಂಟು ಬಂದು ಫ್ಯಾನು ತಿರುಗಿತು. ನನ್ನ ಉತ್ತರ ಅದರಲ್ಲಿ ಮುಚ್ಚಿಹೋಗಿದೆ.

ಮುದ್ರಿಸುವ ಮೊದಲು ಅವರ ಒಪ್ಪಿಗೆ ಕೇಳಬೇಕು. ಯಾರಿಗೆ ಕೇಳಿಸಬಹುದು, ಯಾರಿಗೆ ಬೇಡ ಎಂಬುದನ್ನೂ ಅವರಿಂದಲೇ ತಿಳಿಯಬೇಕು. ಮನೆಯ ಮಾತು ಊರಿನ ಮಾತಾಗುವುದು ಎಲ್ಲರಿಗೂ ಹಿತವಲ್ಲ. ಕಳ್ಳತನದಿಂದ ಮುದ್ರಿಸುವುದು ಸಲ್ಲದು.

ಕಾಪಾಡುವುದು

ಪ್ರತಿಯೊಂದು ಮುದ್ರಣದ ಆರಂಭದಲ್ಲೇ ದಿನಾಂಕ, ಸ್ಥಳ, ಮಾತನಾಡುವವರ ಹೆಸರು, ವಯಸ್ಸು, ಹುಟ್ಟಿದ ಊರು, ಮದುವೆಯಾಗಿ ಬಂದ ಊರು - ಇಷ್ಟನ್ನು ಬಾಯಲ್ಲೇ ಹೇಳಿಬಿಡಿ. ಊರಿನ ಹೆಸರು ಮುಖ್ಯ. ಬ್ರಹ್ಮಾವರದಿಂದ ತೆಂಕಣಕ್ಕೆ ಹೋದಂತೆ ತುಳು ಬೆರೆಯುತ್ತದೆ. ಬೈಂದೂರಿನ ಬಡಗಣ ಮಾತಿನ ಧಾಟಿಯೇ ಬೇರೆ. ಊರು ತಿಳಿಯದ ಧ್ವನಿ ವಿಳಾಸವಿಲ್ಲದ ಕಾಗದದಂತೆ. ಕಡತದ ಹೆಸರಿನಲ್ಲೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅಂಕೆಗಳನ್ನಿಟ್ಟು ಮುಂದೆ ಹೆಸರು ಬರೆದರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಮೂರು ಪ್ರತಿಗಳಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ. ಮೊಬೈಲು ನೀರಿಗೆ ಬಿದ್ದರೂ ಮನೆಗೆ ಸಿಡಿಲು ಬಡಿದರೂ ಧ್ವನಿ ಬದುಕುತ್ತದೆ.

ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಅವನ್ನೂ ಇಳಿಸಿರಿ. ಬಿಳಿಯ ಬೂಷ್ಟು ಹಿಡಿದಿದ್ದರೆ ಹಾಕಿ ಓಡಿಸಬೇಡಿ. ಅದು ಯಂತ್ರಕ್ಕೂ ಉಳಿದ ಕ್ಯಾಸೆಟ್ಟುಗಳಿಗೂ ಅಂಟುತ್ತದೆ, ಬಲ್ಲವರಿಗೆ ತೋರಿಸಿರಿ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಪ್ಲೇಯರಿನ ಹೊರದಾರಿಯಿಂದ ಕಂಪ್ಯೂಟರಿನ ಒಳದಾರಿಗೆ ತಂತಿ ಜೋಡಿಸಿ, ಮೇಲೆ ಹೇಳಿದ ಕ್ರಮದಲ್ಲೇ ಮುದ್ರಿಸಬಹುದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅವಸರದ ದಾರಿಯಿಲ್ಲ.

ಎಲ್ಲ ಸಲಕರಣೆ ಕೂಡಿದ ಮೇಲೆ ಆರಂಭಿಸೋಣವೆಂದು ಕಾಯಬೇಡಿ. ಮುಂದಿನ ಭಾನುವಾರ ಊಟವಾದ ಮೇಲೆ ಫ್ಯಾನು ನಿಲ್ಲಿಸಿರಿ. ಮಲಗುವ ಕೋಣೆಯಲ್ಲಿ ಮನೆಯ ಹಿರಿಯರನ್ನು ಕೂರಿಸಿ, ಕೈಯಲ್ಲಿರುವ ಮೊಬೈಲನ್ನೇ ಟವಲಿನ ಮೇಲೆ ಒಂದು ಗೇಣು ದೂರದಲ್ಲಿಡಿ. ಹತ್ತು ನಿಮಿಷ ಮುದ್ರಿಸಿ, ಅಂದೇ ಸಂಜೆ ಅವರಿಗೇ ಕೇಳಿಸಿರಿ. ‘ಇದು ನನ್ನ ಸ್ವರವೇ ಅಲ್ಲ’ ಎಂದು ಅವರು ನಗುವುದು ಖಂಡಿತ, ಏಕೆಂದರೆ ನಮ್ಮ ಸ್ವರವನ್ನು ನಾವು ಎಲುಬಿನ ಮೂಲಕವೂ ಕೇಳುತ್ತಿರುತ್ತೇವೆ. ನಗಲಿ. ‘ಇನ್ನೂ ಹೇಳ್ಕಾ’ ಎಂದು ಕೇಳಿದರೆ ಮಾತ್ರ ಹೌದೆಂದು ಹೇಳಿರಿ.